ಕೂಲಿ ಪುಸ್ತಕದಲ್ಲಿ ಇಲ್ಲದವರು: ಜತ್ತ ಸೀಮೆಯ ಒಂದು ಕುಟುಂಬ ವೈನರಿಯ ಪ್ರಕರಣ

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ ಲಾಕ್‌ಡೌನ್ ಘೋಷಣೆಯಾಯಿತು. ಆ ಹೊತ್ತಿಗೆ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಪೂರ್ವ ಭಾಗದ ಒಂದು ತೋಟದಲ್ಲಿ ಕ್ಯಾಬರ್ನೆ ಸೋವಿನ್ಯಾನ್ ದ್ರಾಕ್ಷಿ ಇನ್ನೂ ಬಳ್ಳಿಯ ಮೇಲೆಯೇ ಇತ್ತು. ತೋಟದ ತುದಿಯ ಶೆಡ್ಡಿನಲ್ಲಿ ಎರಡು ಟ್ಯಾಂಕ್ ಶಿರಾಜ್ ದ್ರಾಕ್ಷಿಯ ರಸಕ್ಕೆ ಹುದುಗು ಬರುತ್ತಿತ್ತು. ಹಿಂದಿನ ಹಂಗಾಮಿನ ವೈನ್ ಪೂರ್ತಿಯಾಗಿ ಬಾಟಲಿಗೆ ಇಳಿದಿರಲಿಲ್ಲ, ಬಾಟಲಿಗೆ ಇಳಿದದ್ದೂ ಪೂರ್ತಿಯಾಗಿ ಮಾರಾಟವಾಗಿರಲಿಲ್ಲ. ಮದ್ಯದಂಗಡಿಗಳು ಬಾಗಿಲು ಹಾಕಿದ್ದವು. ಪಕ್ಕದ ತೋಟಗಳಲ್ಲಿ ತಿನ್ನಲೆಂದು ಬೆಳೆಯುವ ಊಟದ ದ್ರಾಕ್ಷಿ ಹಣ್ಣಾಗಿ ತೂಗುತ್ತಿತ್ತು, ಖರೀದಿಗೆ ಬರಬೇಕಿದ್ದ ವ್ಯಾಪಾರಿಗಳ ಮೊಬೈಲ್ ಸ್ವಿಚ್ ಆಫ್ ಆಗಿದ್ದವು.

ಆ ಕೆಲವು ವಾರಗಳಲ್ಲಿ ಆ ಮನೆ ಏನು ಮಾಡಿತು, ಯಾರ ಮಾತು ನಡೆಯಿತು, ಅದರ ಭಾರ ಯಾರ ಮೇಲೆ ಬಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ಈ ಗಡಿ ಸೀಮೆಯ ದ್ರಾಕ್ಷಿ ಬೆಳೆಗಾರರ ಲೆಕ್ಕಪತ್ರ ನೋಡುವವನು. ಈ ಮನೆಯ ಪುಸ್ತಕಗಳೂ ನನ್ನ ಮೇಜಿಗೆ ಬರುತ್ತವೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ; ಊರನ್ನೂ ಹೆಸರುಗಳನ್ನೂ ಬಿಟ್ಟಿದ್ದೇನೆ. ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಸಣ್ಣ ವೈನರಿಗಳ ಬಗ್ಗೆ ಮಾತು ಬಂದಾಗಲೆಲ್ಲ ಪರವಾನಗಿ, ಸಬ್ಸಿಡಿ, ಮಾರುಕಟ್ಟೆ ಎಂಬಲ್ಲಿಗೇ ಚರ್ಚೆ ಮುಗಿಯುತ್ತದೆ. ಶೆಡ್ಡಿನೊಳಗೆ ರಾತ್ರಿ ಎದ್ದು ಕೂರುವವರು ಯಾರು, ಅವರಿಗೆ ಕಾಗದದ ಮೇಲೆ ಯಾವ ಸ್ಥಾನವಿದೆ ಎಂದು ಯಾರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಈ ಪ್ರಕರಣದ ಜೀವಾಳ ಅಲ್ಲಿದೆ.

ಸೀಮೆ, ಮನೆ

ಜತ್ತ ಮಳೆ ನೆರಳಿನ ಪ್ರದೇಶ. ಕೃಷ್ಣಾ ನದಿಯ ನೀರನ್ನು ಎತ್ತಿ ತರುವ ಮ್ಹೈಸಾಳ ಏತ ನೀರಾವರಿಗಾಗಿ ಪೂರ್ವ ಭಾಗದ ಹಳ್ಳಿಗಳು ದಶಕಗಳ ಕಾಲ ಕಾದಿವೆ. ಕರ್ನಾಟಕಕ್ಕೆ ಸೇರಿಸಿ ಎಂದು ಇಲ್ಲಿನ ಊರುಗಳು ಠರಾವು ಮಾಡಿದ ಸುದ್ದಿ 2022ರ ಕೊನೆಯಲ್ಲಿ ಎರಡೂ ರಾಜ್ಯಗಳ ಪತ್ರಿಕೆಗಳಲ್ಲಿ ಮತ್ತೆ ಬಂದಾಗಲೂ ಅದರ ಬುಡದಲ್ಲಿದ್ದದ್ದು ನೀರಿನ ಸಿಟ್ಟು. ಮನೆಮಾತು ಕನ್ನಡ, ಸಾಂಗಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ, ಆಸ್ಪತ್ರೆಗೂ ಬಟ್ಟೆಬರೆಗೂ ಸಾಂಗಲಿಗಿಂತ ವಿಜಯಪುರ ಹತ್ತಿರ. ಆದರೆ ಸಾತಬಾರಾ ಉತಾರ (ಜಮೀನಿನ ಪಹಣಿ), ಬ್ಯಾಂಕಿನ ಅರ್ಜಿ, ಅಬಕಾರಿ ರಿಜಿಸ್ಟರ್ ಎಲ್ಲವೂ ಮರಾಠಿಯಲ್ಲಿ. ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದನ್ನು ಇದೂ ನಿರ್ಧರಿಸುತ್ತದೆ. ಕಾಗದ ಓದಬಲ್ಲವನ ಕೈ ತಾನಾಗಿ ಮೇಲಾಗುತ್ತದೆ.

ಈ ಮನೆಯ ಯಜಮಾನರು, ಅಂದರೆ ಹಿರಿಯ ಸೊಸೆಯ ಮಾವನವರು, ಮೊದಲು ಹಾಕಿದ್ದು ತಾಸ್-ಎ-ಗಣೇಶ ಎಂಬ ಊಟದ ದ್ರಾಕ್ಷಿ. ತಾಸಗಾಂವ ಸೀಮೆಯ ರೈತರೇ ಥಾಮ್ಸನ್ ಬಳ್ಳಿಗಳಿಂದ ಆಯ್ದು ಬೆಳೆಸಿದ ತಳಿ ಅದು. ವರ್ಷಕ್ಕೆ ಎರಡು ಸಲ ಚಾಟ್ನಿ, ಅಂದರೆ ಬಳ್ಳಿ ಸವರುವುದು: ಏಪ್ರಿಲ್‌ನಲ್ಲಿ ಕಡ್ಡಿ ಕಟ್ಟಲು ಒಂದು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ ಇನ್ನೊಂದು. ಬೆಳೆ ಮಾತ್ರ ಒಂದೇ. ಕೃಷಿಹೊಂಡದ ನೀರು, ಡ್ರಿಪ್, ಬೇಸಿಗೆಯಲ್ಲಿ ಟ್ಯಾಂಕರ್. ಬಂದ ಹಣ್ಣಿನಲ್ಲಿ ಒಂದಷ್ಟು ವ್ಯಾಪಾರಿಗೆ, ಉಳಿದದ್ದು ಒಣದ್ರಾಕ್ಷಿಯಾಗಿ ತಾಸಗಾಂವ, ಸಾಂಗಲಿಯ ಹರಾಜಿಗೆ. ಈ ಕ್ರಮ ಇಲ್ಲಿ ಎಲ್ಲರಿಗೂ ಕರಗತ.

2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ಉದ್ಯಮ ನೀತಿ ತಂದಿತು. ನಾಸಿಕ ಜಿಲ್ಲೆಯ ವಿಂಚೂರ ಮತ್ತು ಸಾಂಗಲಿ ಜಿಲ್ಲೆಯ ಪಲೂಸ್‌ನಲ್ಲಿ ವೈನ್ ಪಾರ್ಕುಗಳಾದವು. ರಾಜ್ಯದ ದ್ರಾಕ್ಷಿಯಿಂದ ರಾಜ್ಯದಲ್ಲೇ ಮಾಡಿದ ವೈನಿಗೆ ಅಬಕಾರಿ ಸುಂಕದ ವಿನಾಯಿತಿ ಸಿಕ್ಕಿತು. ಮುಂದಿನ ಏಳೆಂಟು ವರ್ಷ ಕಂಪನಿಗಳ ಪ್ರತಿನಿಧಿಗಳು ಹಳ್ಳಿ ಹಳ್ಳಿ ತಿರುಗಿದರು. ವೈನ್ ದ್ರಾಕ್ಷಿಗೆ ದಪ್ಪ ಕಾಳು ಬೇಡ, ಕಾಳು ದಪ್ಪಗಾಗಲೆಂದು ಜಿಬ್ಬರೆಲಿಕ್ ಆಮ್ಲದಲ್ಲಿ ಗೊಂಚಲು ಅದ್ದುವ ಕೂಲಿ ಬೇಡ, ನೀರೂ ಕಡಿಮೆ ಸಾಕು ಎಂಬುದು ಅವರ ಮಾತು. ಅದರಲ್ಲಿ ಸುಳ್ಳಿರಲಿಲ್ಲ. ಸಣ್ಣ ಕಾಳಿನಲ್ಲಿ ರಸಕ್ಕೆ ಹೋಲಿಸಿದರೆ ಸಿಪ್ಪೆ ಹೆಚ್ಚು, ಬಣ್ಣವೂ ಒಗರೂ ಸಿಪ್ಪೆಯಲ್ಲೇ ಇರುತ್ತವೆ. ನೀರಿಲ್ಲದ ಜತ್ತಕ್ಕೆ ಇದು ವರದಂತೆ ಕೇಳಿಸಿತು. ಮಾವನವರು ಒಂದು ಕಂಪನಿಯೊಂದಿಗೆ ಕರಾರು ಮಾಡಿಕೊಂಡು ಅರ್ಧ ತೋಟಕ್ಕೆ ಶಿರಾಜ್ ಮತ್ತು ಕ್ಯಾಬರ್ನೆ ಹಾಕಿದರು.

2008ರ ಜಾಗತಿಕ ಹಿಂಜರಿತ, ಅದೇ ನವೆಂಬರ್‌ನ ಮುಂಬಯಿ ದಾಳಿ, ಎರಡೂ ಸೇರಿ ಹೋಟೆಲುಗಳು ಖಾಲಿಯಾದವು, ವೈನ್ ಮಾರಾಟ ನೆಲಕಚ್ಚಿತು. ಕಂಪನಿ ಒಂದು ಹಂಗಾಮಿನ ಹಣ ಕೊಡಲಿಲ್ಲ, ಮರುವರ್ಷ ಹಣ್ಣನ್ನೂ ಎತ್ತಲಿಲ್ಲ. ಊಟದ ದ್ರಾಕ್ಷಿಗೆ ವ್ಯಾಪಾರಿ ಕೈಕೊಟ್ಟರೆ ಒಣಗಿಸಬಹುದು. ವೈನ್ ದ್ರಾಕ್ಷಿಯಲ್ಲಿ ಬೀಜ ತುಂಬಿರುತ್ತದೆ. ಒಣಗಿಸಿದರೆ ಕೊಳ್ಳುವವರಿಲ್ಲ, ಸಂತೆಗೆ ಒಯ್ದರೂ ಇಲ್ಲ. ನಾಸಿಕದಿಂದ ಇಲ್ಲಿಯವರೆಗೆ ಎಷ್ಟೋ ರೈತರು ಬಳ್ಳಿ ಕಿತ್ತರು, ಇಲ್ಲವೇ ಅದರ ಮೇಲೆ ಊಟದ ತಳಿ ಕಸಿ ಮಾಡಿದರು. ಈ ಮನೆಯೂ ಬಹುಪಾಲು ಹಾಗೆಯೇ ಮಾಡಿ, ಕೆಲವು ಎಕರೆಯನ್ನು ಮಾತ್ರ ಉಳಿಸಿಕೊಂಡಿತು. ಬಾಗಿಲು ಮುಚ್ಚಿದ ಒಂದು ವೈನರಿಯಿಂದ ಹಳೆಯ ಸ್ಟೀಲ್ ಟ್ಯಾಂಕುಗಳು ಅಗ್ಗಕ್ಕೆ ಸಿಕ್ಕಿದಾಗ ಹಿರಿಯ ಮಗ ಸಾಲ ಮಾಡಿ ಸ್ವಂತ ವೈನರಿಗೆ ಕೈಹಾಕಿದ. ಅತ್ತೆಯ ಬಂಗಾರವೂ ಆಗ ಅಡವಿಗೆ ಹೋಯಿತು.

ಆ ಬಂಗಾರದ ಮಾತು ಸಣ್ಣದಲ್ಲ. ಇದು ಲಿಂಗಾಯತ ಮನೆತನ, ಅತ್ತೆಗೆ ಗುಡ್ಡಾಪುರದ ದಾನಮ್ಮನ ಮೇಲೆ ಅಪಾರ ನಂಬಿಕೆ. ಛಟ್ಟಿ ಅಮವಾಸ್ಯೆಗೆ ವಿಜಯಪುರ, ಬಾಗಲಕೋಟೆ ಕಡೆಯಿಂದ ನಡೆದು ಬರುವ ಭಕ್ತರಿಗೆ ಈ ಮನೆಯ ಅಂಗಳದಲ್ಲಿ ವರ್ಷವೂ ಪ್ರಸಾದ ನಡೆಯುತ್ತದೆ. ವೈನರಿ ಶುರುವಾದ ವರ್ಷ ಬೀಗರಲ್ಲಿ ಕೆಲವರು ಆ ಪಂಕ್ತಿಗೆ ಕೂರಲಿಲ್ಲ. ಅತ್ತೆ ಅಂದಿನಿಂದ ಇಂದಿನವರೆಗೆ ಟ್ಯಾಂಕುಗಳಿರುವ ಶೆಡ್ಡಿಗೆ ಕಾಲಿಟ್ಟಿಲ್ಲ. ಹಾಗಿದ್ದೂ ಬಂಗಾರ ಕೊಟ್ಟರು. ಯಾಕೆ ಕೊಟ್ಟಿರಿ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಬಳ್ಳಿ ಕಿತ್ತ ದಿನ ಅವರಪ್ಪ ಊಟ ಮಾಡಲಿಲ್ಲ. ಉಳಿದದ್ದನ್ನಾದರೂ ಉಳಿಸಿಕೊಳ್ಳಲಿ ಎಂದು ಕೊಟ್ಟೆ."

ಕೆಲಸ ಹಂಚಿಕೆಯಾದದ್ದು ಹೀಗೆ. ಜಮೀನು ಮಾವನ ಹೆಸರಿನಲ್ಲಿ. ಪರವಾನಗಿಯೂ ಸಾಲವೂ ಹಿರಿಯ ಮಗನ ಹೆಸರಿನಲ್ಲಿ, ಮಾರಾಟಕ್ಕೆ ಓಡಾಡುವವನೂ ಅವನೇ. ಸಾಂಗಲಿಯಲ್ಲಿ ಕಾಲೇಜು ಓದಿದ ಕಿರಿಯ ಮಗ ಮರಾಠಿ ಕಾಗದಪತ್ರ ಮತ್ತು ಅಬಕಾರಿ ರಿಜಿಸ್ಟರ್ ನೋಡುತ್ತಾನೆ. ಚಾಟ್ನಿ, ಕಡ್ಡಿಗೆ ಚಿಗುರೊಡೆಸುವ ಔಷಧ ಹಚ್ಚುವ ಪೇಸ್ಟಿಂಗ್, ಕೊಯ್ಲು ಇವಕ್ಕೆ ಒಬ್ಬ ಮುಕಾದಮ್ (ಕೂಲಿಗಳ ಮೇಸ್ತ್ರಿ) ಮತ್ತು ಅವನ ತಂಡ. ಆ ತಂಡದ ಹಿರಿಯ ಹೆಂಗಸೊಬ್ಬರು ಎಲೆಯ ಹಿಂಭಾಗ ನೋಡಿಯೇ ಬೂಜು ಹಿಡಿಸುವ ದಾವಣಿ ರೋಗ ಶುರುವಾಗಿದೆ ಎಂದು ಎಲ್ಲರಿಗಿಂತ ಮೊದಲು ಹೇಳಬಲ್ಲರು. ವೈನ್ ಮಾಡುವವಳು ಹಿರಿಯ ಸೊಸೆ. ವಿಜಯಪುರದಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್‌ಸಿ. ಮುಗಿಸಿ ಮದುವೆಯಾಗಿ ಬಂದವಳು. ಮೊದಲೆರಡು ಹಂಗಾಮು ನಾಸಿಕದಿಂದ ಬಂದ ಸಲಹೆಗಾರರೊಬ್ಬರ ಜೊತೆ ನಿಂತು ಕಲಿತಳು. ಅವರ ಸಂಬಳ ಕೊಡುವುದು ಕಷ್ಟವಾದಾಗ ಕೆಲಸ ಅವಳ ಮೇಲೆ ಬಿತ್ತು. ಸಲಹೆಗಾರರ ಸಂಬಳದ ಸಾಲು ಪುಸ್ತಕದಿಂದ ಅಳಿಯಿತು, ಅವಳ ಹೆಸರಿನ ಸಾಲು ಬರಲಿಲ್ಲ.

ಆ ವಾರ

ಲಾಕ್‌ಡೌನ್‌ನ ಮೊದಲ ಹೊಡೆತ ಬಿದ್ದದ್ದು ಡೀಸೆಲ್ ಮೇಲೆ. ಹಳ್ಳಿಯ ಫೀಡರ್‌ಗೆ ತ್ರೀ ಫೇಸ್ ವಿದ್ಯುತ್ ಸರದಿಯಂತೆ ಬರುತ್ತದೆ; ಉಳಿದ ಹೊತ್ತು ಟ್ಯಾಂಕುಗಳನ್ನು ತಣ್ಣಗಿಡುವ ಚಿಲ್ಲರ್ ಓಡುವುದು ಜನರೇಟರ್ ಮೇಲೆ. ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಕೆಂಪು ವೈನಿಗೆ 24ರಿಂದ 30 ಡಿಗ್ರಿ ಒಳ್ಳೆಯದು. 35ರ ಹತ್ತಿರ ಹೋದರೆ ಯೀಸ್ಟ್ ಸುಸ್ತಾಗಿ ಕೆಲಸ ನಿಲ್ಲಿಸುತ್ತದೆ. ಒಂದು ಟ್ಯಾಂಕ್ ನಿಂತೇಬಿಟ್ಟಿತು. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.010ರಲ್ಲಿ ಕೂತು ಎರಡು ದಿನ ಅಲುಗಲಿಲ್ಲ. ಅಂದರೆ ಸಕ್ಕರೆ ಇನ್ನೂ ಉಳಿದಿದೆ, ಅದನ್ನು ತಿನ್ನುವ ಯೀಸ್ಟ್ ಸೋತಿದೆ. ಆ ಸ್ಥಿತಿಯಲ್ಲಿ ಬಿಟ್ಟರೆ ಬ್ಯಾಕ್ಟೀರಿಯಾ ಆ ಸಕ್ಕರೆಗೆ ಕೈಹಾಕುತ್ತವೆ, ಟ್ಯಾಂಕ್ ಹುಳಿಯಾಗುತ್ತದೆ.

ಅವಳು ಮಾಡಿದ್ದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಆ ಹಂಗಾಮು ಉಳಿದದ್ದು ಅಲ್ಲಿ. ಗೋಣಿ ಚೀಲಗಳನ್ನು ನೆನೆಸಿ ಟ್ಯಾಂಕಿನ ಸುತ್ತ ಹೊದಿಸಿದಳು, ಒಣಗಿದಂತೆಲ್ಲ ನೀರು ಹನಿಸಿದಳು. ಬಿಸಿ ಇಳಿಯುವುದಕ್ಕೆ ಒಂದು ರಾತ್ರಿ ಹಿಡಿಯಿತು. ಕಪಾಟಿನಲ್ಲಿ ಹಿಂದಿನ ವರ್ಷದ ಯೀಸ್ಟ್ ಒಂದು ಪೊಟ್ಟಣ ಉಳಿದಿತ್ತು. ಹೊಸದು ತರಿಸಲು ದಾರಿ ಇರಲಿಲ್ಲ. ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಎಬ್ಬಿಸಿ, ಸ್ವಲ್ಪ ದ್ರಾಕ್ಷಿ ರಸ ಕೊಟ್ಟು, ಆಮೇಲೆ ನಿಂತುಹೋದ ವೈನನ್ನು ಲೋಟ ಲೋಟವಾಗಿ ಸೇರಿಸುತ್ತ ಹೋದಳು. ಒಮ್ಮೆಲೇ ಟ್ಯಾಂಕಿಗೆ ಸುರಿದರೆ ಅಲ್ಲಿರುವ ಮದ್ಯಸಾರಕ್ಕೆ ಹೊಸ ಯೀಸ್ಟ್ ಸಾಯುತ್ತದೆ. ಅದನ್ನು ಮೆಲ್ಲಗೆ ಒಗ್ಗಿಸಬೇಕು. ಪ್ರತಿ ಸಲ ಸೇರಿಸಿದ ಮೇಲೆ ನೊರೆ ಏಳುವವರೆಗೆ ಕಾಯುವುದು, ಎದ್ದ ಮೇಲೆ ಅಷ್ಟೇ ಪ್ರಮಾಣ ಮತ್ತೆ ಸೇರಿಸುವುದು. ಕೊಡ ತುಂಬಿದಾಗ ಬಕೆಟ್ಟಿಗೆ, ಬಕೆಟ್ಟಿನಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಟ್ಯಾಂಕಿಗೆ. ಶೆಡ್ಡಿನಲ್ಲಿಯೇ ಚಾಪೆ ಹಾಸಿಕೊಂಡು ಮಲಗಿದಳು. ಅತ್ತೆ ಬಾಗಿಲ ಹೊರಗೆ ಬುತ್ತಿ ಇಟ್ಟು ಕೂಗಿ ಹೋಗುತ್ತಿದ್ದರು. ರೀಡಿಂಗ್ ಮತ್ತೆ ಇಳಿಯತೊಡಗಿ ಕೊನೆಗೆ, ಸಕ್ಕರೆ ಮುಗಿದ ಗುರುತಾಗಿ, 0.995ಕ್ಕೆ ಬಂದಾಗ ಶಿರಾಜನ್ನು ಹಿಂಡಿ ಟ್ಯಾಂಕ್ ಖಾಲಿ ಮಾಡಿದರು. ಖಾಲಿಯಾದ ಆ ಟ್ಯಾಂಕಿಗೆ ಕ್ಯಾಬರ್ನೆ ಬರಬೇಕಿತ್ತು.

ಕ್ಯಾಬರ್ನೆ ಕೊಯ್ಲಿನ ದಿನದ ಬಗ್ಗೆ ಗಂಡ-ಹೆಂಡಿರಲ್ಲಿ ಜಗಳವಾಯಿತು. ಕೃಷಿ ಕೆಲಸಕ್ಕೆ, ಕೃಷಿ ಕೂಲಿಗಳಿಗೆ ಲಾಕ್‌ಡೌನ್‌ನಿಂದ ವಿನಾಯಿತಿ ಎಂದು ಕೇಂದ್ರ ಗೃಹ ಇಲಾಖೆ ಮಾರ್ಚ್ 27ರಂದು ಹೇಳಿತ್ತು. ಆದರೂ ದಾರಿಯಲ್ಲಿ ಪೊಲೀಸರು ತಡೆದರೆ ಏನು ಮಾಡುವುದು ಎಂದು ಮುಕಾದಮ್ ಹಿಂಜರಿಯುತ್ತಿದ್ದ. ಸಿಕ್ಕ ದಿನವೇ ಕೊಯ್ದು ಮುಗಿಸೋಣ ಎಂದು ಗಂಡ. ಬೀಜ ಇನ್ನೂ ಹಸಿರಿದೆ, ಈಗ ಕೊಯ್ದರೆ ವೈನ್ ಕಹಿಯಾಗುತ್ತದೆ ಎಂದು ಹೆಂಡತಿ. ಸಕ್ಕರೆ ಅಳೆಯುವ ಅವಳ ರಿಫ್ರಾಕ್ಟೋಮೀಟರ್ 22 ಬ್ರಿಕ್ಸ್, ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು 22 ಗ್ರಾಂ ಸಕ್ಕರೆ, ತೋರಿಸುತ್ತಿತ್ತು, ಅವಳಿಗೆ 24 ಬೇಕಿತ್ತು. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಒಂದು ಶೇಕಡಾ ಮದ್ಯಸಾರವಾಗುತ್ತದೆ. ಹಾಗಾಗಿ ಎರಡು ಬ್ರಿಕ್ಸ್ ಎಂದರೆ ಒಂದು ಶೇಕಡಾಕ್ಕೂ ಮಿಕ್ಕಿ. ಆದರೆ ಅವಳ ಆಕ್ಷೇಪ ಇದ್ದದ್ದು ಸಕ್ಕರೆಯ ಬಗ್ಗೆ ಅಲ್ಲ, ಬೀಜದ ಬಗ್ಗೆ. ಅವಳು ಹಣ್ಣು ಬಾಯಿಗೆ ಹಾಕಿಕೊಂಡು ಬೀಜ ಕಡಿದು ನೋಡುತ್ತಾಳೆ: ಕಟುಮ್ ಎಂದು ಒಡೆದು ಹುರಿದ ಕಾಳಿನಂತೆ ರುಚಿಸಿದರೆ ಹಣ್ಣಾಗಿದೆ, ಮೆತ್ತಗೆ ಒಗರಾಗಿದ್ದರೆ ಇಲ್ಲ. ಈ ತಕರಾರನ್ನು ಬಗೆಹರಿಸಿದ್ದು ಮಾವ. ತೋಟಕ್ಕೆ ಹೋಗಿ ತಾವೂ ಬೀಜ ಕಡಿದು ನೋಡಿ, "ಅವಳು ಹೇಳಿದ ದಿನ ಕೊಯ್ಯಿರಿ" ಎಂದರು. ಮುಕಾದಮನ ತಂಡ ಬೆಳಗಿನ ಜಾವ ನಾಲ್ಕಕ್ಕೆ ತಲೆಗೆ ಬ್ಯಾಟರಿ ದೀಪ ಕಟ್ಟಿಕೊಂಡು ಕೊಯ್ಲಿಗೆ ಇಳಿಯಿತು. ಬಿಸಿಲೇರುವ ಮೊದಲು ಹಣ್ಣು ಶೆಡ್ಡು ಸೇರಿತು.

ಅಷ್ಟರಲ್ಲಿ ಇನ್ನೊಂದು ಕಷ್ಟ ಅಂಗಳಕ್ಕೆ ಬಂದು ನಿಂತಿತ್ತು. ಮಾವನ ದಾಯಾದಿ ತಮ್ಮನ ತೋಟದಲ್ಲಿ ಸೋನಾಕಾ ಎಂಬ ಊಟದ ದ್ರಾಕ್ಷಿ ಕೊಯ್ಲಿಗೆ ಬಂದು ವ್ಯಾಪಾರಿ ಇಲ್ಲದೆ ನಿಂತಿತ್ತು. ಅವರ ಬೇಡಿಕೆ ಸರಳ: ನಮ್ಮ ಹಣ್ಣನ್ನೂ ವೈನ್ ಮಾಡಿ, ದುಡ್ಡು ಮಾರಿದ ಮೇಲೆ ಕೊಡಿ. ಅವರ ಹಿಂದೆ ಇನ್ನೂ ಮೂರ್ನಾಲ್ಕು ಮನೆಯವರು ಇದೇ ಆಸೆ ಹೊತ್ತು ಕಾಯುತ್ತಿದ್ದರು. ಕಿರಿಯ ಮಗನಿಗೆ ಇದು ಸರಿಯೆನಿಸಿತು. ಬಿಳಿ ವೈನ್ ಮಾಡೋಣ, ಬ್ರಾಂದಿ ಮಾಡುವವರಿಗೆ ಸಗಟಾಗಿ ಕೊಡೋಣ. ಸಕ್ಕರೆ ಕಾರ್ಖಾನೆಗಳು ಸ್ಯಾನಿಟೈಸರ್ ಮಾಡುತ್ತಿವೆ, ನಾವೂ ಯಾರಿಗಾದರೂ ಸ್ಪಿರಿಟ್‌ಗೆ ಕೊಡಬಹುದಲ್ಲ ಎಂಬುದು ಅವನ ಲೆಕ್ಕ. ಕಷ್ಟದಲ್ಲಿ ಬಂದ ಕಾಕಾನನ್ನು ಬರಿಗೈಯಲ್ಲಿ ಕಳಿಸಬಾರದು ಎಂಬ ಕಳಕಳಿಯೂ ಅದರಲ್ಲಿತ್ತು. ಹಿರಿಯವನು ಏನೂ ಹೇಳದೆ ಹೆಂಡತಿಯ ಮುಖ ನೋಡಿದ.

ಅವಳು ಹೊರಗೆ ಬಂದು ಕಟ್ಟೆಯ ಮೇಲೆ ಕೂತಿದ್ದ ಆ ದಾಯಾದಿ ಮಾವನ ಎದುರು ನಿಂತು ಹೇಳಿದ ಮಾತನ್ನು ಆ ಮನೆಯಲ್ಲಿ ಈಗಲೂ ನೆನೆಯುತ್ತಾರೆ: "ಮಾವ, ಟ್ಯಾಂಕ್ ಖಾಲಿ ಇಲ್ಲ ಎಂದು ನಾನು ನೆಪ ಹೇಳುವುದಿಲ್ಲ. ನಿಮ್ಮ ಹಣ್ಣು ತಿನ್ನಲು ಬೆಳೆದ ಹಣ್ಣು. ಬಿಳಿ ವೈನ್ ಹದಿನೈದು ಡಿಗ್ರಿಯಲ್ಲಿ ಆಗಬೇಕು, ನನ್ನ ಹತ್ತಿರ ಇರುವ ಡೀಸೆಲ್ ಕೆಂಪಿಗೇ ಸಾಲದು. ಕೊನೆಯ ಸಿಂಪರಣೆ ಯಾವಾಗ ಮಾಡಿದಿರಿ ಎಂದು ನಾನು ಕೇಳಬೇಕು, ನೀವು ಬೇಜಾರಾಗಬಾರದು. ವೈನ್ ಕೆಟ್ಟರೆ ನಿಮ್ಮ ಹಣ್ಣೂ ಹೋಯಿತು, ನಮ್ಮ ಹೆಸರೂ ಹೋಯಿತು. ನಿಮಗೆ ಕೊಡಬೇಕಾದ ದುಡ್ಡನ್ನು ಎಲ್ಲಿಂದ ತರಲಿ?"

ಅವಳ ಕಾರಣಗಳು ಒಂದೊಂದೂ ಗಟ್ಟಿ ಎಂದು ನನಗೆ ಅನ್ನಿಸುತ್ತದೆ. ಭಟ್ಟಿ ಇಳಿಸಲು ಬೇರೆಯೇ ಪರವಾನಗಿ ಬೇಕು, ವೈನರಿಗೆ ಅದು ಇಲ್ಲ. ರಿಜಿಸ್ಟರಿನಲ್ಲಿ ಬರೆದ ಪ್ರತಿ ಲೀಟರಿಗೂ ಲೆಕ್ಕ ಒಪ್ಪಿಸಬೇಕು. ಪಕ್ಕದ ವಿಜಯಪುರಕ್ಕೆ ಒಯ್ದು ಮಾರೋಣವೆಂದರೆ ಅದು ಇನ್ನೊಂದು ರಾಜ್ಯ: ಅಲ್ಲಿ ಬೇರೆ ಲೇಬಲ್ ನೋಂದಣಿ, ಬೇರೆ ಅನುಮತಿ, ಬೇರೆ ತೆರಿಗೆ. ಮದ್ಯ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾದ್ದರಿಂದ ಕಣ್ಣಳತೆಯ ದೂರದಲ್ಲಿರುವ ಗಡಿಯೂ ಪರದೇಶವಾಗುತ್ತದೆ. ಸಾಲದ ಮೇಲೆ ಹಣ್ಣು ಕೊಂಡು, ಹಣ ಕೊಡಲಾಗದೆ ಕೈಚೆಲ್ಲಿದ ಕಂಪನಿಯ ಕಥೆಯನ್ನು ಈ ಮನೆಯೇ ಅನುಭವಿಸಿತ್ತು. ಅದನ್ನೇ ಇನ್ನೊಂದು ಮನೆಗೆ ಮಾಡಲು ಅವಳು ಒಪ್ಪಲಿಲ್ಲ.

ಆಗ ಒಳಗಿನಿಂದ ಅತ್ತೆ ಬಂದರು. ಮನೆಯ ಹಿಂದೆ ಹಳೆಯ ಒಣದ್ರಾಕ್ಷಿ ಶೆಡ್ಡಿದೆ, ಜಾಳಿಗೆಯ ಅಟ್ಟಗಳು ಹಾಗೆಯೇ ಇವೆ. ಎಲ್ಲರೂ ಅಲ್ಲಿ ಒಣಗಿಸಿಕೊಳ್ಳಿ, ಬಾಡಿಗೆ ಬೇಡ ಎಂದರು. ಮುಕಾದಮನ ತಂಡವನ್ನು ಸರದಿಯಂತೆ ಹಂಚುವ ಕೆಲಸವನ್ನೂ ಅವರೇ ವಹಿಸಿಕೊಂಡರು. ಯಾರ ಹಣ್ಣು ಎಂದು ಕೊಯ್ಯುವುದು, ಯಾರ ಮನೆಯಿಂದ ಕೂಲಿಗಳಿಗೆ ರೊಟ್ಟಿ ಎಂಬುದೆಲ್ಲ ಅವರ ಬಾಯಲ್ಲೇ ಲೆಕ್ಕ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿದ ಗೊಂಚಲು ನೆರಳಿನಲ್ಲಿ ಎರಡು-ಮೂರು ವಾರಕ್ಕೆ ಒಣಗುತ್ತದೆ; ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ. ಆ ಬೇಸಿಗೆಯಲ್ಲಿ ಈ ಸೀಮೆಯ ಬಹಳ ದ್ರಾಕ್ಷಿ ಹೀಗೆಯೇ ಉಳಿಯಿತು. ದಾಯಾದಿ ಕಾಕಾ ತಮ್ಮ ಹಣ್ಣನ್ನು ಅಲ್ಲಿಯೇ ಒಣಗಿಸಿದರು, ಆದರೆ ಒಂದು ವರ್ಷ ಈ ಮನೆಯವರೊಂದಿಗೆ ಮಾತನಾಡಲಿಲ್ಲ. ಸೊಸೆ ಎದುರು ನಿಂತು ಇಲ್ಲ ಎಂದದ್ದು ಅವರಿಗೆ ನೋವಾಗಿತ್ತು. ಅದೇ ಮಾತನ್ನು ಗಂಡಸರು ಆಡಿದ್ದರೆ ಅಷ್ಟು ನೋಯುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಲೆಕ್ಕದ ಹಾಳೆ

ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳಿಗೆ ಮೂರು ತಿಂಗಳ ವಿರಾಮ ಕೊಟ್ಟಿತು, ಮುಂದೆ ಅದು ಆಗಸ್ಟ್ ಕೊನೆಯವರೆಗೆ ಹೋಯಿತು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಮೇ ತಿಂಗಳಲ್ಲಿ ಮದ್ಯದಂಗಡಿಗಳು ತೆರೆದಾಗ ಜನ ಸಾಲುಗಟ್ಟಿದ್ದು ವೈನಿಗಾಗಿ ಅಲ್ಲ. ಹೆಸರಿಲ್ಲದ ಸಣ್ಣ ಲೇಬಲ್ಲನ್ನು ಕೇಳಿ ಕೊಳ್ಳುವವರು ಇನ್ನೂ ಕಡಿಮೆ. ಸಾಲದ ಮರುಹೊಂದಾಣಿಕೆಗೆ ಬ್ಯಾಂಕು ಒಂದು ಬಾಟಲಿಯ ಉತ್ಪಾದನಾ ವೆಚ್ಚದ ಪಟ್ಟಿ ಕೇಳಿತು. ಅದನ್ನು ಮಾಡುವ ಕೆಲಸ ನನಗೆ ಬಂತು.

ಪಟ್ಟಿ ಮೇಲ್ನೋಟಕ್ಕೆ ಕಷ್ಟದ್ದಲ್ಲ. ಒಂದು ಟನ್ ಹಣ್ಣಿಗೆ 600ರಿಂದ 700 ಲೀಟರ್, ಅಂದರೆ 750 ಮಿಲಿಲೀಟರಿನ ಸುಮಾರು 800ರಿಂದ 930 ಬಾಟಲಿ. ಹಣ್ಣಿನ ಬೆಲೆ, ಬಾಟಲಿ, ಬಿರಡೆ, ಲೇಬಲ್, ರಟ್ಟಿನ ಪೆಟ್ಟಿಗೆ, ವಿದ್ಯುತ್, ಡೀಸೆಲ್, ಪರವಾನಗಿ ಮತ್ತು ಲೇಬಲ್ ನೋಂದಣಿಯ ವಾರ್ಷಿಕ ಶುಲ್ಕ, ವಿತರಕನ ಮತ್ತು ಅಂಗಡಿಯವನ ಪಾಲು, ವ್ಯಾಟ್. ಗಾಜಿನ ಬಾಟಲಿ ಮತ್ತು ಬಿರಡೆಗೆ ಮುಂಗಡ ಹಣ ಬೇಕು, ಮಾರಿದ ವೈನಿನ ಹಣ ತಿಂಗಳುಗಳ ಮೇಲೆ ಬರುತ್ತದೆ. ವ್ಯಾಟ್‌ನ ಒಂದು ಪಾಲನ್ನು ಪ್ರೋತ್ಸಾಹಧನವಾಗಿ ಮರಳಿಸುವ ಯೋಜನೆಯಿದೆ, ಆದರೆ ಅದನ್ನು ನಂಬಿ ಈ ವರ್ಷದ ಬಾಟಲಿ ಕೊಳ್ಳಲಾಗುವುದಿಲ್ಲ. ಇಷ್ಟನ್ನೂ ಹಾಕಿ ಕೂಡಿಸಿದರೆ ಬಾಟಲಿಗೆ ಸ್ವಲ್ಪ ಲಾಭ ಕಾಣಿಸುತ್ತಿತ್ತು.

ಕೂಲಿ ಪುಸ್ತಕ ತೆಗೆದು ನೋಡಿದಾಗ ಮುಕಾದಮನ ತಂಡದ ಪ್ರತಿಯೊಬ್ಬರ ಹೆಸರೂ ಇತ್ತು. ಕೊಯ್ಲಿನ ದಿನ ಅರ್ಧ ಹೊತ್ತು ಬಂದವರ ಹೆಸರೂ ಇತ್ತು. ಸೊಸೆಯ ಹೆಸರಿರಲಿಲ್ಲ, ಅತ್ತೆಯದಿರಲಿಲ್ಲ, ಕಿರಿಯ ಮಗನದೂ ಇರಲಿಲ್ಲ. ಒಬ್ಬ ಸಲಹೆಗಾರನನ್ನು, ಒಬ್ಬ ಲೆಕ್ಕ ಬರೆಯುವವನನ್ನು, ಒಬ್ಬ ಅಡುಗೆಯವಳನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರೆ ಎಷ್ಟಾಗುತ್ತಿತ್ತೋ ಅಷ್ಟನ್ನು ನಾನು ಇನ್ನೊಂದು ಹಾಳೆಯಲ್ಲಿ ಹಾಕಿದೆ. ಬಾಟಲಿಯ ಲಾಭ ಹೋಯಿತು, ನಷ್ಟ ಬಂತು. ಈ ವೈನರಿಗೆ ಅಷ್ಟು ವರ್ಷ ಬಂಡವಾಳ ಹಾಕಿದ್ದು ಬ್ಯಾಂಕು ಒಂದೇ ಅಲ್ಲ. ಸಂಬಳವಿಲ್ಲದ ಆ ಮೂವರ ದುಡಿಮೆಯೂ ಬಂಡವಾಳವೇ, ಅದಕ್ಕೆ ಬಡ್ಡಿಯನ್ನೂ ಯಾರೂ ಕಟ್ಟಿರಲಿಲ್ಲ.

ಎರಡೂ ಹಾಳೆಗಳನ್ನು ಮನೆಯವರ ಮುಂದೆ ಇಟ್ಟೆ. ಹಿರಿಯ ಮಗ ಬಹಳ ಹೊತ್ತು ಎರಡನೆಯದನ್ನೇ ನೋಡುತ್ತ ಕೂತ. ಕಿರಿಯವನು ಸಿಟ್ಟಾದ, ಇಷ್ಟು ವರ್ಷ ತನ್ನ ಪಾಲಿಗೆ ಬಂದದ್ದೇನು ಎಂಬ ಪ್ರಶ್ನೆಗೆ ಅವತ್ತು ಬಾಯಿ ಬಂತು. ಅವನ ಸಿಟ್ಟು ನ್ಯಾಯವಾದದ್ದು. ಮಾರ್ಚಿನಲ್ಲಿ ಸಗಟು ವೈನ್ ಮಾಡೋಣ ಎಂದು ಅವನು ಹಟ ಹಿಡಿದದ್ದಕ್ಕೂ ಇದೇ ಕಾರಣವಿತ್ತು: ಕೈಗೆ ಸ್ವಲ್ಪ ದುಡ್ಡು ಬರುವ ದಾರಿ ಅವನಿಗೆ ಕಂಡದ್ದು ಅದೊಂದೇ. ಸೊಸೆ ಮಾತ್ರ ಹಾಳೆಯ ಮೇಲಿನ ತನ್ನ ಸಂಬಳದ ಅಂಕಿಯನ್ನು ತಿದ್ದಿದಳು. "ಸಲಹೆಗಾರರಿಗೆ ಇದಕ್ಕಿಂತ ಹೆಚ್ಚು ಕೊಡುತ್ತಿದ್ದೆವು" ಎಂದಳು. ಪುಸ್ತಕ ತೆಗೆದು ನೋಡಿದೆ, ಅವಳು ಹೇಳಿದ್ದೇ ಸರಿ.

ಬ್ಯಾಂಕಿಗೆ ಎರಡನೆಯ ಹಾಳೆಯನ್ನೇ ಕೊಡುವುದೆಂದು ಅವರು ತೀರ್ಮಾನಿಸಿದರು. ನಷ್ಟ ತೋರಿಸಿ ಸಾಲ ಕೇಳುವುದು ಧೈರ್ಯದ ಕೆಲಸ. ನಾನು ಅದನ್ನು ಬೆಂಬಲಿಸಿದೆ, ಯಾಕೆಂದರೆ ಮೊದಲ ಹಾಳೆಯ ಲಾಭವನ್ನು ನಂಬಿ ಕಂತು ಗೊತ್ತುಮಾಡಿದರೆ ಅದು ಮತ್ತೆ ಆ ಮೂವರ ಬೆನ್ನ ಮೇಲೆಯೇ ಬೀಳುತ್ತಿತ್ತು. ಕಂತುಗಳ ಅವಧಿ ಉದ್ದವಾಯಿತು. ಬಾಟಲಿಯ ಬೆಲೆ ಏರಿಸಿದರು. ಎರಡು ಬಗೆಯ ಲೇಬಲ್‌ಗಳಲ್ಲಿ ಒಂದನ್ನು ಕೈಬಿಟ್ಟರು. ಪ್ರತಿ ಲೇಬಲ್ಲಿಗೂ ಬೇರೆ ಶುಲ್ಕ ಕಟ್ಟುವ ಹೊರೆ ಹಾಗೆ ಇಳಿಯಿತು.

ನಂತರ

ಆ ವರ್ಷದ ವೈನ್ ಒಂದು ವರ್ಷಕ್ಕೂ ಹೆಚ್ಚು ಕಾಲ ಟ್ಯಾಂಕಿನಲ್ಲೇ ಉಳಿಯಿತು. ಮಾರಾಟವಿಲ್ಲದ ವೈನನ್ನು ಕಾಯುವುದು ಬೇರೆಯೇ ದುಡಿಮೆ. ಟ್ಯಾಂಕಿಗೆ ತೇಲುವ ಮುಚ್ಚಳ, ಅದರ ಅಂಚಿಗೆ ಗಾಳಿ ತುಂಬಿದ ರಬ್ಬರ್ ಟ್ಯೂಬ್. ಟ್ಯೂಬಿನ ಗಾಳಿ ಇಳಿದರೆ ಆಮ್ಲಜನಕ ನುಗ್ಗಿ ವೈನ್ ವಿನೆಗರ್ ಆಗುತ್ತದೆ. ಅವಳು ದಿನವೂ ಟ್ಯೂಬಿನ ಒತ್ತಡ ನೋಡುತ್ತಾಳೆ, ವೈನ್ ಕೆಡದಂತೆ ಕಾಯುವ ಸಲ್ಫರ್ ಡೈಆಕ್ಸೈಡನ್ನು ನಿಯಮಿತವಾಗಿ ಅಳೆಯುತ್ತಾಳೆ. ಅಯೋಡಿನ್ ಹನಿ ಹನಿಯಾಗಿ ಬಿಟ್ಟು, ಗಂಜಿಯ ದ್ರಾವಣ ನೀಲಿಗೆ ತಿರುಗುವ ಹನಿಯನ್ನು ಹಿಡಿಯಬೇಕು. ಬಿಳಿ ವೈನಿನಲ್ಲಿ ಅದು ಸುಲಭ. ಕೆಂಪು ವೈನಿನಲ್ಲಿ ನೀಲಿ ಬಣ್ಣ ಮುಚ್ಚಿಹೋಗುತ್ತದೆ. ಅವಳು ವೈನಿಗೆ ಶುದ್ಧ ನೀರು ಬೆರೆಸಿ ತೆಳು ಮಾಡಿ, ಫ್ಲಾಸ್ಕಿನ ಹಿಂದೆ ಟಾರ್ಚ್ ಹಿಡಿದು ನೋಡುತ್ತಾಳೆ. ಟಾರ್ಚ್ ಹಿಡಿಯುವುದು ಶಾಲೆಯಿಲ್ಲದೆ ಮನೆಯಲ್ಲಿದ್ದ ಮಗಳ ಕೆಲಸವಾಗಿತ್ತು.

2022ರ ಜನವರಿಯಲ್ಲಿ ದೊಡ್ಡ ಅಂಗಡಿ, ಸೂಪರ್‌ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಅವಕಾಶ ಕೊಡುವ ತೀರ್ಮಾನವನ್ನು ಮಹಾರಾಷ್ಟ್ರ ಸಚಿವ ಸಂಪುಟ ಮಾಡಿತು. ಅಣ್ಣಾ ಹಜಾರೆ ಸೇರಿದಂತೆ ಹಲವರು ವಿರೋಧಿಸಿದರು, ಅದು ಜಾರಿಗೆ ಬರಲಿಲ್ಲ. ಹಿರಿಯ ಮಗ ಆ ತೀರ್ಮಾನದ ಮೇಲೆ ಬಹಳ ಆಸೆ ಇಟ್ಟುಕೊಂಡಿದ್ದ. ಅತ್ತೆ, ಅದು ಆಗದಿದ್ದದ್ದೇ ಒಳ್ಳೆಯದಾಯಿತು, ಕಿರಾಣಿ ಸಾಮಾನಿನ ಜೊತೆ ಅದು ಬೇಡ ಎಂದರು. ಒಂದೇ ಚಾವಣಿಯ ಕೆಳಗೆ ಈ ಎರಡೂ ಮಾತಿಗೆ ಜಾಗವಿದೆ. ಅತ್ತೆಯ ಮಾತನ್ನು ಹಳೆಯ ಕಾಲದ್ದು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ಅವರು ನನಗಿಂತ ಹತ್ತಿರದಿಂದ ನೋಡಿದ್ದಾರೆ.

ಮನೆಯೊಳಗೆ ಆದ ಬದಲಾವಣೆ ಕಾಗದದ ಮೇಲೆಯೂ ಬಂತು. ಹಿರಿಯ ಮಗನೊಬ್ಬನ ಹೆಸರಿನಲ್ಲಿದ್ದ ವ್ಯವಹಾರವನ್ನು ಪಾಲುದಾರಿಕೆಗೆ ಬದಲಾಯಿಸಿ ಹೆಂಡತಿಯನ್ನೂ ತಮ್ಮನನ್ನೂ ಪಾಲುದಾರರಾಗಿ ಸೇರಿಸಿದರು. ಪತ್ರ ಮರಾಠಿಯಲ್ಲಿತ್ತು. ಸಹಿ ಹಾಕುವ ಮೊದಲು ಸೊಸೆ ಅದನ್ನು ಮೈದುನನಿಂದ ಸಾಲು ಸಾಲಾಗಿ ಕನ್ನಡದಲ್ಲಿ ಓದಿಸಿ ಕೇಳಿದಳು. ಕೊಯ್ಲಿನ ದಿನ, ಬಾಟಲಿಗಿಳಿಸುವ ದಿನ, ಹೊರಗಿನ ಹಣ್ಣು ಕೊಳ್ಳುವ ತೀರ್ಮಾನ, ಈ ಮೂರೂ ಅವಳ ಒಪ್ಪಿಗೆಯಿಲ್ಲದೆ ಆಗಕೂಡದು ಎಂಬ ಕಲಮನ್ನು ಸೇರಿಸಲು ಹೇಳಿದ್ದು ಮಾವ. ಮೈದುನ ಅದನ್ನು ಬರೆಯುತ್ತ ಅತ್ತಿಗೆಗೆ, "ವೈನಿ, ಡೀಸೆಲ್ ತರುವ ತೀರ್ಮಾನ ನನ್ನದೇ ಇರಲಿ" ಎಂದ. ಲಾಕ್‌ಡೌನ್‌ನ ಆ ವಾರ ರಾತ್ರಿ ಹೊತ್ತು ಕೃಷಿ ಪಾಸ್ ಹಿಡಿದು ಪೆಟ್ರೋಲ್ ಬಂಕಿನವರನ್ನು ಕಾಡಿ ಡೀಸೆಲ್ ತಂದವನು ಅವನೇ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪಾಲುದಾರರಿಗೆ ತಿಂಗಳ ಸಂಬಳ ಎಂಬ ಸಾಲು ಈಗ ಪುಸ್ತಕದಲ್ಲಿದೆ. ಎಲ್ಲ ತಿಂಗಳೂ ಪೂರ್ತಿ ಕೊಡಲಾಗುವುದಿಲ್ಲ. ಕೊಡಲಾಗದ್ದು ಅವರವರ ಹೆಸರಿನಲ್ಲಿ ಬಾಕಿಯಾಗಿ ನಿಲ್ಲುತ್ತದೆ.

ಬಗೆಹರಿಯದ್ದು ಎರಡು ಉಳಿದಿವೆ. ಅತ್ತೆ ಪಾಲುದಾರರಾಗಲು ಒಪ್ಪಲಿಲ್ಲ, ಮದ್ಯದ ಕಾಗದದಲ್ಲಿ ತಮ್ಮ ಹೆಸರು ಬೇಡ ಎಂದರು. ಅವರ ಬಂಗಾರವನ್ನು ಮಾತ್ರ ಮನೆಯ ಸಾಲವೆಂದು ಪುಸ್ತಕಕ್ಕೆ ಏರಿಸಿದ್ದೇವೆ. ಬಿಡಿಸಿ ತರುವಷ್ಟು ಹಣ ಇನ್ನೂ ಒಟ್ಟಾಗಿಲ್ಲ. ಜಮೀನು ಇವತ್ತಿಗೂ ಮಾವನ ಹೆಸರಿನಲ್ಲಿಯೇ ಇದೆ. ಹಿಸ್ಸೆ ಆಗುವಾಗ ವೈನ್ ಬಳ್ಳಿಗಳಿರುವ ಎಕರೆಗಳು ಯಾರ ಪಾಲಿಗೆ, ಕೃಷಿಹೊಂಡ ಯಾರ ಪಾಲಿಗೆ ಎಂಬುದನ್ನು ಅಣ್ಣತಮ್ಮಂದಿರು ಇನ್ನೂ ಮಾತಾಡಬೇಕು. ಮಾವ ಬದುಕಿರುವಾಗಲೇ, ಅವರ ಎದುರಿನಲ್ಲೇ ಅದನ್ನು ಮುಗಿಸಿ ಎಂದು ನಾನು ಒತ್ತಾಯಿಸುತ್ತಿದ್ದೇನೆ. ಮುಂದಿನ ಏಪ್ರಿಲ್ ಚಾಟ್ನಿ ಮುಗಿದ ಮೇಲೆ ತಲಾಟಿ (ಗ್ರಾಮ ಲೆಕ್ಕಿಗ) ಕಚೇರಿಗೆ ಹೋಗೋಣ ಎಂದು ಹಿರಿಯವನು ಒಪ್ಪಿದ್ದಾನೆ.